ನಾಲ್ಕನೇ ಜ್ವರದ ಬಾಗಿಲು

ಬೆಲ್ಲದ ಚೂರು ಹಿಡಿದು ತಾತ ಹನುಮಂತಯ್ಯ "ತಗೊ ಮಗಾ" ಎಂದಾಗ ಪುಟ್ಟಿ ಎಡಗೈ ಚಾಚಿದಳು.

"ಎಡಗೈಲಿ ಇಸ್ಕೊಬಾರ್ದು ಅಂತ ಎಷ್ಟ್ ಸತಿ ಹೇಳ್ಬೇಕು?" ತಾತ ಗದರಿದರು.

ನಾಲ್ಕು ವರ್ಷದ ಮಗು ತನ್ನ ಬಲಗೈಯನ್ನು ನೋಡಿಕೊಂಡಿತು, ಬೇರೆ ಯಾರದೋ ಕೈ ನೋಡುವ ಹಾಗೆ. ಅದು ಏಳಲಿಲ್ಲ.

ಅದಕ್ಕೆ ಮೊದಲು ಬಂದದ್ದು ಬರೀ ನೆಗಡಿ, ಕೆಮ್ಮು, ಒಸಿ ಉಬ್ಬಸ. ಪುಟ್ಟಿಯ ತಾಯಿ ದಿವ್ಯ ಹೆದ್ದಾರಿ ಪಕ್ಕದ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದಳು. ಹಿಪ್ಪುನೇರಳೆ ತೋಟಗಳನ್ನು ಕಿತ್ತು ಎಬ್ಬಿಸಿದ ಕಾರ್ಖಾನೆ ಅದು. ಮಕ್ಕಳನ್ನು ಬಿಡಲು ಒಂದೇ ಕಿಟಕಿಯ ಕೋಣೆ. ಒಂದು ಮಗು ಕೆಮ್ಮಿದರೆ ಕೋಣೆಗೆ ಕೋಣೆಯೇ ಕೆಮ್ಮುತ್ತಿತ್ತು. ಮಗುವಿಗೆ ಹುಷಾರಿಲ್ಲವೆಂದು ರಜೆ ಹಾಕಿದವಳಿಗೆ ಮಾರನೆಯ ದಿನ ಗೇಟು ತೆರೆಯುತ್ತಿರಲಿಲ್ಲ.

ಅದು ಹಂದಿಜ್ವರದ ವರ್ಷ, ಎರಡು ಸಾವಿರದ ಒಂಬತ್ತು. ಮಕ್ಕಳ ಗಂಟಲಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಬೇಕೆಂದು ಉಪಕೇಂದ್ರದ ನರ್ಸ್ ಚೈತ್ರಾ ಕಾರ್ಖಾನೆಗೆ ಹೋದಳು. "ನಮ್ಮಲ್ಲಿ ಯಾರಿಗೂ ಏನೂ ಇಲ್ಲ" ಎಂದು ಗೇಟಿನಿಂದಲೇ ಕಳಿಸಿದರು. ಅಲ್ಲಿಂದ ನೇರ ಕೂಟಗಲ್ ಊರಿಗೆ, ಕೆಮ್ಮುತ್ತಿದ್ದ ಪುಟ್ಟಿಯ ಮನೆಗೆ ಬಂದಳು. ಇಲ್ಲಿಯೂ ಬಾಗಿಲು ಮುಚ್ಚಿತ್ತು.

ಹನುಮಂತಯ್ಯನ ರೇಷ್ಮೆಹುಳ ಆಗ ನಾಲ್ಕನೇ ಜ್ವರದಲ್ಲಿದ್ದವು. ಹುಳ ಸೊಪ್ಪು ಬಿಟ್ಟು, ತಲೆ ಎತ್ತಿ ನಿದ್ದೆಗೆ ಕೂತು ಪೊರೆ ಕಳಚುವುದನ್ನು ಅಲ್ಲಿನವರು ಜ್ವರ ಎನ್ನುತ್ತಾರೆ. ನಾಲ್ಕನೆಯದೇ ಕೊನೆಯದು. ಆ ಹೊತ್ತಿನಲ್ಲಿ ಹೊರಗಿನವರ ನೆರಳೂ ಹುಳದ ಮನೆಗೆ ಬೀಳಬಾರದು.

"ಆಸ್ಪತ್ರೆ ವಾಸ್ನೆ ಒಳಕ್ಕೆ ಬರಂಗಿಲ್ಲ ಕಣವ್ವ. ಹುಳ ಗೂಡು ಕಟ್ಲಿ, ಆಮೇಲೆ ಬಾ."

"ಅಷ್ಟೊತ್ಗೆ ಗಂಟ್ಲಲ್ಲಿ ಏನೂ ಸಿಕ್ಕಲ್ಲ ತಾತ."

"ನೆಗಡಿಗೂ ಪಂಚಾಯ್ತಿ ಸೇರಿಸ್ತೀಯಾ? ಹೋಗವ್ವ."

ಹುಳ ಒಳ್ಳೆಯ ಗೂಡು ಕಟ್ಟಿದವು. ಮಗುವಿನ ಕೈ ಬಿತ್ತು.

ಕೈ ಬಿದ್ದ ಮೇಲೆ ಆರೋಗ್ಯ ಇಲಾಖೆಯ ಜೀಪು ಬಂತು. ಪೋಲಿಯೊ ಇರಬಹುದೆಂದು ಮಲವನ್ನು ಐಸಿನಲ್ಲಿಟ್ಟು ಬೆಂಗಳೂರಿಗೆ ಒಯ್ದರು. ಪೋಲಿಯೊ ಅಲ್ಲ ಎಂದಾಯಿತು. ಮೇಲಿನವರಿಗೆ ಅಷ್ಟು ಸಾಕಿತ್ತು. ಹಾಗಾದರೆ ಮತ್ತೇನು ಎಂದು ಕೇಳಿದವಳು ಚೈತ್ರಾ ಒಬ್ಬಳೇ. ಲ್ಯಾಬಿನ ಡಾಕ್ಟರು ಫೋನಿನಲ್ಲಿ ಹೇಳಿದರು: "ಪೋಲಿಯೊ ಬಳಗದ್ದೇ ಇನ್ನೊಂದು ವೈರಸ್ ಇದೆ. ಮೂಗು ಗಂಟಲಲ್ಲಿ ಬೆಳೆಯೋದು. ಕೈ ಬಿದ್ದದ್ದು ಅದರಿಂದಲೇ ಅಂತ ನಾನು ಹೇಳಲಾರೆ. ಈಗಷ್ಟೇ ಕೆಮ್ಮು ಹತ್ತಿದ ಮಗು ಇದ್ದರೆ ಗಂಟಲಿಂದ ತೆಗೆದು ಕಳಿಸಿ. ನೋಡದೆ ಏನು ಹೇಳಲಿ?"

ಚೈತ್ರಾ ಅದನ್ನು ಹಾಗೆಯೇ ಹನುಮಂತಯ್ಯನಿಗೆ ತಿಳಿಸಿದಳು.

"ಅವತ್ತು ಬಾಗ್ಲು ತೆಗ್ದಿದ್ರೆ ಕೈ ಉಳಿಯೋದಾ?"

"ಇಲ್ಲ ತಾತ, ಅದಕ್ಕೆ ಔಷಧ ಇಲ್ಲ. ಏನು ಅಂತ ಗೊತ್ತಾಗೋದು. ಕೆಮ್ಮೋ ಮಕ್ಕಳನ್ನ ಬೇರೆ ಇಡಿ ಅಂತ ಗೇಟಲ್ಲಿ ನಿಂತು ಕೇಳಬಹುದಿತ್ತು."

ಆ ವಾರವೇ ಪಕ್ಕದ ಮನೆಯ ಮುನಿರತ್ನಮ್ಮನ ಮೊಮ್ಮಗ ಪುನೀತ ಕೆಮ್ಮತೊಡಗಿದ. ಅವನ ತಾಯಿಯೂ ಅದೇ ಗಾರ್ಮೆಂಟ್ಸು, ಅವನೂ ಅದೇ ಕೋಣೆ. ಮುನಿರತ್ನಮ್ಮನ ಹುಳಗಳೂ ನಾಲ್ಕನೇ ಜ್ವರದಲ್ಲಿದ್ದವು. ಚೈತ್ರಾಳ ಜೊತೆ ಹನುಮಂತಯ್ಯನೇ ಹೋಗಿ ಬಾಗಿಲು ಬಡಿದರು.

"ಓಹೋ, ಯಾರು ಹೇಳಕ್ ಬಂದವ್ರೆ ನೋಡು!" ಮುನಿರತ್ನಮ್ಮ ಒಳಗಿನಿಂದಲೇ ಅಂದಳು. "ನಿಮ್ ಹುಳಕ್ಕೊಂದು ನ್ಯಾಯ, ನಮ್ ಹುಳಕ್ಕೊಂದಾ ಹನುಮಂತಣ್ಣ?"

"ಅವತ್ತು ಬಾಗ್ಲು ಹಾಕ್ದೋನು ನಾನೇ. ಅದ್ಕೇ ಬಂದಿವ್ನಿ."

"ಇವ್ಳು ಮುಟ್ಟಿದ್ ಮಗೀನ ತಿರ್ಗಾ ಒಳಕ್ಕೆ ಸೇರಿಸ್ಕಳಕ್ಕಾಯ್ತದಾ? ಹಾಲುರೋಗ ಬಂದು ಹುಳದ ತಟ್ಟೆ ತಟ್ಟೆನೇ ಕೊಳ್ತೋದ್ರೆ ಯಾರ್ ಗತಿ?"

ಹನುಮಂತಯ್ಯ ತಮ್ಮ ಮನೆಯ ಕಡೆ ನೋಡಿದರು. ಅಲ್ಲೂ ಮುಂದಿನ ಬೆಳೆಯ ಹುಳಗಳಿದ್ದವು. ಮಗುವಿನ ಕೈ ಬಿದ್ದು ದಿವ್ಯ ಕೆಲಸ ಬಿಟ್ಟ ಮೇಲೆ ಆ ಬೆಳೆಯೇ ಮನೆಗೆ ಗತಿ.

"ಒಳಕ್ಕೆ ಸೇರಿಸ್ಕಬ್ಯಾಡ. ನಿನ್ ಹುಳ ಗೂಡು ಕಟ್ಟೋಗಂಟ ಮಗ ನಮ್ಮನೇಲಿರ್ಲಿ. ದಿವ್ಯ ನೋಡ್ಕತಾಳೆ."

ಕದ ಒಂದಿಷ್ಟು ಸರಿಯಿತು. "ನಿಮ್ಮನೇಲೂ ಹುಳ ಅವಲ್ಲ?"

"ಅವೆ."

"ತಲೆ ಕೆಟ್ಟೋಯ್ತಾ ನಿಂಗೆ?"

"ಕೆಡ್ಲಿ ಬುಡು. ಮಗಾನ ಕೊಡು."

ಜಗುಲಿಯ ಮೇಲೆ ತಾತನ ತೊಡೆಯಲ್ಲಿ ಕೂತ ಪುನೀತ ಚೈತ್ರಾಳ ಬೆರಳು ಕಚ್ಚಿದ. "ಕಚ್ಚು ಮರಿ, ಬಾಯಿ ಮಾತ್ರ ದೊಡ್ಡದಾಗಿ ತೆಗಿ" ಎಂದಳು ಅವಳು. ಗಂಟಲಿಗೆ ಆಡಿಸಿದ ಹತ್ತಿಕಡ್ಡಿ ಐಸಿನ ಡಬ್ಬಿ ಸೇರಿ ಬೆಂಗಳೂರಿನ ರೈಲು ಹತ್ತಿತು.

ಉತ್ತರ ಬಂತು. ಹಂದಿಜ್ವರವಲ್ಲ, ಡಾಕ್ಟರು ಶಂಕಿಸಿದ್ದ ವೈರಸ್ಸೇ. ಅದರ ವಂಶವಾಹಿಯನ್ನು ಓದಿ, ಮೊದಲೇ ಗೊತ್ತಿದ್ದ ಹಳೆಯ ವೈರಸ್ಸಿನದರ ಪಕ್ಕ ಇಟ್ಟು ನೋಡಿದ್ದರು. ಅಲ್ಲಲ್ಲಿ ಬದಲಾಗಿತ್ತು. "ಇನ್ನೂ ಬದಲಾಗುತ್ತೆ. ನೋಡ್ತಾ ಇರಬೇಕು, ಬಿಡಬಾರದು" ಎಂದರು.

ರೋಗಕ್ಕೆ ಹೆಸರು ಬಂದ ಮೇಲೆ ತಾಲ್ಲೂಕಿನ ಡಾಕ್ಟರು ಕಾರ್ಖಾನೆಯ ಗೇಟಿನ ಹೊರಗೆ ನಿಲ್ಲಬೇಕಾಗಲಿಲ್ಲ. ಒಳಗೆ ಹೋಗಿ ಕೆಮ್ಮುವ ಮಕ್ಕಳನ್ನು ಬೇರೆ ಕೂರಿಸಿದರು, ಒಬ್ಬೊಬ್ಬರ ಕೈಕಾಲು ಎತ್ತಿಸಿದರು. ತಾಯಂದಿರ ರಜೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಹುಳಕ್ಕೆ ಕಾಯಿಲೆಯೆಂದರೆ ಊರೇ ಬಾಗಿಲು ಹಾಕಿಕೊಳ್ಳುವ ಸೀಮೆಯಲ್ಲಿ, ಮಗುವಿಗೆ ಕಾಯಿಲೆಯೆಂದು ತಾಯಿ ಒಂದು ದಿನ ಮನೆಯಲ್ಲಿ ಕೂರುವಂತಿಲ್ಲ.

ಹನುಮಂತಯ್ಯನ ಒಂದಷ್ಟು ತಟ್ಟೆಗಳಿಗೆ ಹಾಲುರೋಗ ಬಂತು. ಸೆಕೆಗೋ, ಪುನೀತನಿಂದಲೋ ಎಂದು ಊರು ಮಾತಾಡಿಕೊಂಡಿತು. ಅವರು ಹುಳಗಳನ್ನು ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದರು.

ದಿನಾ ಬೆಳಗ್ಗೆ ಮುಖ ತೊಳೆದ ಕೂಡಲೇ ಅವರದು ಒಂದೇ ಮಾತು: "ಪುನೀತಾ, ಕೈ ಎತ್ತಪ್ಪ. ಎಲ್ಡೂನೂ."

ಪುನೀತ ಎರಡೂ ಕೈ ಎತ್ತುತ್ತಿದ್ದ. ಅವನ ಹಿಂದೆ ನಿಂತು ಪುಟ್ಟಿಯೂ ಎತ್ತುತ್ತಿದ್ದಳು, ಒಂದನ್ನು.

ತಾತ ಬೆಲ್ಲ ತೆಗೆದು ಇಬ್ಬರಿಗೂ ಕೊಡುತ್ತಿದ್ದರು. ಪುಟ್ಟಿ ಎಡಗೈ ಚಾಚುತ್ತಿದ್ದಳು. ಅವರು ಗದರುತ್ತಿರಲಿಲ್ಲ.