ಸೆಂಟಿಮೀಟರಿಗೆ ಒಂದು ರೂಪಾಯಿ

ಧರಣಿ ಎಂಬ ಹದಿಮೂರು ವರ್ಷದ ಹುಡುಗಿ ಎತ್ತರ ಜಿಗಿತದ ಕೋಲನ್ನು ದಾಟಿದಳು. ದಾಟಿದ್ದೇನೋ ಚೆನ್ನಾಗಿಯೇ ದಾಟಿದಳು. ಆದರೆ ಬಿದ್ದದ್ದು ಮರಳಿನ ಮೇಲೆ. ಅದೂ ಎಂಥ ಮರಳು? ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಗಾರೆಯ ಹಾಗೆ ಗಟ್ಟಿಯಾದ ಮರಳು. ಎಡಗೈಯ ಮಣಿಕಟ್ಟು ಮುರಿಯಿತು.

ತಮಿಳುನಾಡಿನ ಕೊಯಮತ್ತೂರಿನ ಹತ್ತಿರ, ಕರುಮತ್ತಂಪಟ್ಟಿಯ ಪಕ್ಕದ ಊರು ಅದು. ಮನೆಮನೆಯಲ್ಲೂ ಮಗ್ಗದ ಸದ್ದು. ಅಷ್ಟು ಸದ್ದಿನ ನಡುವೆಯೂ ಸುದ್ದಿ ಬೀದಿಯಿಂದ ಬೀದಿಗೆ ಹೋಯಿತು. ಮಾರನೆಯ ದಿನ ವಿಡಿವೆಳ್ಳಿ ಅಥ್ಲೆಟಿಕ್ ಕ್ಲಬ್ಬಿನ ಅಭ್ಯಾಸಕ್ಕೆ ಒಂಬತ್ತು ಹುಡುಗಿಯರು ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಹದಿನಾಲ್ಕು ಜನ ಬರುವುದನ್ನೇ ಬಿಟ್ಟರು.

"ನಮ್ಮ ಕೃತ್ತಿಕಾನೂ ಸಾಕು ಇನ್ನ," ಎಂದರು ದೇವರಾಜನ್. ಅವರಿಗೆ ಎಂಟು ಮಗ್ಗಗಳಿವೆ. ಬೀದಿಯ ಮಗ್ಗದವರೆಲ್ಲ ಅವರ ಮಾತು ಕೇಳುತ್ತಾರೆ.

"ಅಪ್ಪಾ, ನಾನು ಉದ್ದ ಜಿಗಿಯೋದು. ಧರಣಿ ಎತ್ತರ ಜಿಗಿಯೋದು. ಅದು ಬೇರೆ, ಇದು ಬೇರೆ!" ಎಂದಳು ಕೃತ್ತಿಕಾ. ಅವಳಿಗೆ ಹದಿನೈದು.

"ಎರಡೂ ಬೀಳೋದೇ ತಾನೇ?"

ತಾಯಿ ಸುಗನ್ಯಾ ಆಗಷ್ಟೇ ಕೆಲಸದಿಂದ ಬಂದಿದ್ದಳು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಅವಳದು ಚೆಕ್ಕಿಂಗ್ ಕೆಲಸ. ಬೆಳಗ್ಗೆ ಏಳು ಗಂಟೆಗೆ ಕಂಪನಿ ವ್ಯಾನ್ ಬರುತ್ತದೆ. ಇಡೀ ದಿನ ಬನಿಯನ್ನುಗಳ ತೋಳು, ಕತ್ತು, ಹೊಲಿಗೆ ನೋಡಿ ನೋಡಿ ಸಂಜೆ ಮನೆಗೆ ಬರುವಾಗ ಕಣ್ಣು ಉರಿಯುತ್ತಿರುತ್ತದೆ. ಆಟದ ವಿಷಯ ತನಗೇನು ಗೊತ್ತು ಎಂದುಕೊಂಡು ಒಲೆಯ ಕಡೆ ಹೋದಳು.

ಆ ಶನಿವಾರ ಸಂಜೆ ಗೋಪಿಕಾ ಟೀಚರ್ ಸ್ಕೂಟರಿನಲ್ಲಿ ಬಂದರು. ಕೊಯಮತ್ತೂರಿನಲ್ಲಿ ಹುಟ್ಟಿ ಬೆಳೆದವರು, ಇಲ್ಲಿಯ ಶಾಲೆಯೊಂದರಲ್ಲಿ ಆಟದ ಟೀಚರ್, ಕ್ಲಬ್ಬಿನ ಕಾರ್ಯದರ್ಶಿ. ಅವರ ಮನೆಯ ಮಾತೂ ಕನ್ನಡವೇ. ಹಾಗಾಗಿ ಈ ಮನೆಯಲ್ಲಿ ತಮಿಳು ಬೇಕಾಗುತ್ತಿರಲಿಲ್ಲ.

"ಅಣ್ಣಾ, ಮಕ್ಕಳನ್ನು ನಿಲ್ಲಿಸೋದು ಬೇಡ. ಬೀಳೋ ಜಾಗ ಮೆತ್ತಗೆ ಮಾಡೋಣ," ಎಂದರು ಟೀಚರ್. "ಎತ್ತರ ಜಿಗಿತಕ್ಕೆ ಮರಳು ಸಾಲದು, ದಪ್ಪ ಫೋಮ್ ಮೆತ್ತೆ ಬೇಕು. ಪೊಳ್ಳಾಚಿ ಹತ್ತಿರ ಒಂದು ಕಾಲೇಜಿನವರು ತಮ್ಮ ಹಳೇ ಮೆತ್ತೆ ಎಪ್ಪತ್ತು ಸಾವಿರಕ್ಕೆ ಕೊಡ್ತೀವಿ ಅಂದಿದ್ದಾರೆ. ಚೆನ್ನಾಗೇ ಇದೆ, ನಾನೇ ಬಿದ್ದು ನೋಡಿ ಬಂದೆ!"

"ಅಂದ್ರೆ ವಸೂಲಿಗೆ ಬಂದಿದ್ದೀರಿ," ಎಂದರು ದೇವರಾಜನ್.

"ಹೂಂ, ಅಣ್ಣಾ. ನಾಳೆ ಬಿಟ್ಟು ಮುಂದಿನ ಭಾನುವಾರ ಜಿಗಿತದ ಹಬ್ಬ. ನಲವತ್ತಾರು ಮಕ್ಕಳು ಉದ್ದ ಜಿಗೀತಾರೆ. ಒಂದೊಂದು ಮಗುವಿಗೆ ಊರಲ್ಲಿ ನಾಲ್ಕೈದು ಜನ ಆಸರೆ. ಮಗು ಎಷ್ಟು ಸೆಂಟಿಮೀಟರ್ ಹಾರುತ್ತೋ, ಆಸರೆ ನಿಂತವರು ಅಷ್ಟು ರೂಪಾಯಿ ಕೊಡೋದು."

"ಟೀಚರ್, ಕೋಪ ಮಾಡ್ಕೋಬೇಡಿ. ಕಾಸು ಕೇಳೋಕೆ ಬರೋರೆಲ್ಲ ಮೊದಲು ಮಕ್ಕಳ ಹೆಸರೇ ಹೇಳೋದು. ಎರಡು ವರ್ಷದ ಕೆಳಗೆ ಒಬ್ಬ ಬಂದ. ನೋಟೀಸ್ ತೋರಿಸಿದ, ಫೋಟೋ ತೋರಿಸಿದ. ನಾನೂ ಕೊಟ್ಟೆ, ಬೀದಿಯೋರ ಹತ್ರಾನೂ ಕೊಡಿಸಿದೆ. ಆಮೇಲೆ ಅವನೂ ಇಲ್ಲ, ಕಾಸೂ ಇಲ್ಲ. ಇವತ್ತಿಗೂ ಜನ ನನ್ನ ಮುಖ ನೋಡಿ ಕೇಳ್ತಾರೆ."

ಟೀಚರ್ ಬೇಸರಪಡಲಿಲ್ಲ. "ನೀವು ಅನುಮಾನ ಪಡೋದು ಸರಿ, ಅಣ್ಣಾ. ಯಾರು ಕೇಳಿದರೂ ಹಾಗೇ ಪ್ರಶ್ನೆ ಹಾಕಬೇಕು. ರಸೀತಿ ಇದೆಯಾ? ಇದೆ, ನಂಬರ್ ಸಮೇತ. ಕಾಸು ಯಾರ ಜೇಬಿಗೆ? ಜೇಬಿಗಲ್ಲ, ಕ್ಲಬ್ ಹೆಸರಿನ ಬ್ಯಾಂಕ್ ಖಾತೆಗೆ. ತೆಗೀಬೇಕಾದ್ರೆ ಇಬ್ಬರ ಸಹಿ ಬೇಕು, ಅದರಲ್ಲಿ ಒಬ್ಬರು ಮಕ್ಕಳ ಹೆತ್ತವರು. ಎಷ್ಟು ಬಂತು, ಎಷ್ಟು ಹೋಯ್ತು ಅಂತ ಮೈದಾನದ ಗೋಡೆ ಮೇಲೆ ಬರೀತೀವಿ. ನಂಬಿ ಅಂತ ನಾನು ಹೇಳಲ್ಲ. ಬಂದು ನೋಡಿ."

"ನೋಡೋಣ," ಎಂದರು ದೇವರಾಜನ್. ಆ 'ನೋಡೋಣ'ಕ್ಕೆ 'ಇಲ್ಲ' ಎಂದೇ ಅರ್ಥ ಎಂಬುದು ಸುಗನ್ಯಾಗೆ ಗೊತ್ತಿತ್ತು.

ಟೀಚರ್ ಹೊರಡುವಾಗ ಕೃತ್ತಿಕಾಗೆ ಕ್ಲಬ್ಬಿನ ಹೊಸ ಟೀ ಶರ್ಟ್ ಕೊಟ್ಟರು. ಸುಗನ್ಯಾ ದೂರದಿಂದಲೇ ಒಮ್ಮೆ ನೋಡಿ, "ಎಡತೋಳು ಕಾಲಿಂಚು ಗಿಡ್ಡ," ಎಂದಳು.

ಟೀಚರ್ ಬ್ಯಾಗಿನಿಂದ ಟೇಪು ತೆಗೆದು ಅಳೆದರು. ಸರಿಯಾಗಿ ಕಾಲಿಂಚು! ಅವರ ಮುಖ ಅರಳಿತು.

"ಅಕ್ಕಾ! ಈ ಕಣ್ಣನ್ನೇ ನಾನು ಊರೆಲ್ಲ ಹುಡುಕ್ತಿದ್ದೆ. ಹಬ್ಬದ ಭಾನುವಾರ ನೀವು ಜಿಗಿಯೋ ಹಲಗೆ ಪಕ್ಕ ನಿಲ್ಲಬೇಕು."

"ನಾನಾ? ಅಯ್ಯೋ ಟೀಚರ್, ನಾನು ಬಸ್ಸಿಗೂ ಓಡಿದವಳಲ್ಲ."

"ಓಡೋದು ಮಕ್ಕಳು. ನೀವು ನೋಡಬೇಕು, ಅಷ್ಟೇ. ನಿಮ್ಮ ಮಗಳ ಸರದಿ ಬಂದಾಗ ನಾನು ನಿಲ್ತೀನಿ."

ಕೃತ್ತಿಕಾ ಗೋಗರೆದ ಮೇಲೆ, ಹಬ್ಬದ ಒಂದು ದಿನ ಮಾತ್ರ ಹಾರಲಿ ಎಂದು ದೇವರಾಜನ್ ಒಪ್ಪಿದರು. ಎರಡು ಸಂಜೆ ಮೈದಾನದಲ್ಲಿ ಸುಗನ್ಯಾಗೆ ಪಾಠ ನಡೆಯಿತು. ಓಡಿ ಬಂದು ಮರದ ಹಲಗೆಯ ಮೇಲೆ ಕಾಲಿಟ್ಟು ಹಾರಬೇಕು. ಹಲಗೆಯ ಮುಂದೆ ಮೆತ್ತನೆಯ ಜೇಡಿಮಣ್ಣಿನ ಪಟ್ಟಿ. ಕಾಲ್ಬೆರಳು ಅದರ ಮೇಲೆ ಗುರುತು ಮಾಡಿದರೆ ಕೆಂಪು ಬಾವುಟ, ಮಾಡದಿದ್ದರೆ ಬಿಳಿ. ಮರಳಿನಲ್ಲಿ ಹಲಗೆಗೆ ಅತಿ ಹತ್ತಿರದ ಗುರುತು ಯಾವುದೋ ಅಲ್ಲಿಗೆ ಟೇಪಿನ ಸೊನ್ನೆ. ಸುಗನ್ಯಾ ಮೊದಲ ಸಂಜೆಯೇ ಎಲ್ಲ ಕಲಿತಳು. ಎರಡನೆಯ ಸಂಜೆ ಟೇಪಿನ ಸುಕ್ಕು ಬಿಡಿಸಿ ಹಿಡಿಯುವುದನ್ನು ಟೀಚರಿಗೇ ಕಲಿಸಿದಳು! ಮನೆಗೆ ಬರುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಕಂಪನಿಯಲ್ಲಿ ಇಪ್ಪತ್ತು ವರ್ಷ ತಪ್ಪು ಹುಡುಕಿದ್ದಳು. 'ನಿನ್ನ ಕಣ್ಣು ಬೇಕು' ಎಂದು ಯಾರೂ ಕೇಳಿರಲಿಲ್ಲ.

ಭಾನುವಾರ ಬಂತು. ಮೈದಾನ ತುಂಬಿತು. ಕ್ಲಬ್ಬಿನ ದೊಡ್ಡ ಹುಡುಗರು ನಾಲ್ಕು ದಿನ ಗುಂಡಿ ಅಗೆದು, ಜರಡಿ ಹಿಡಿದು, ಮರಳನ್ನು ರವೆಯ ಹಾಗೆ ಮಾಡಿದ್ದರು. ಸ್ವಸಹಾಯ ಗುಂಪಿನ ಹೆಂಗಸರು ಮಜ್ಜಿಗೆ ತಂದಿದ್ದರು. ಮೈಕು, ಪೆಂಡಾಲು ಎಲ್ಲ ಯಾರೋ ಯಾರೋ ಕೊಟ್ಟದ್ದು. ಮೇಜಿನ ಮೇಲೆ ರಸೀತಿ ಪುಸ್ತಕ, ಪಕ್ಕದಲ್ಲಿ ಲೆಕ್ಕ ಬರೆಯುವ ಕರಿ ಹಲಗೆ.

ದೇವರಾಜನ್ ಕೂಡ ಬಂದರು. ಆದರೆ ಒಳಗೆ ಬರಲಿಲ್ಲ. ಗೇಟಿನ ಹತ್ತಿರ ಬೈಕಿಗೆ ಒರಗಿ, ಕೈಕಟ್ಟಿ ನಿಂತರು.

ಒಬ್ಬೊಬ್ಬರಿಗೆ ಮೂರು ಸರದಿ, ಅದರಲ್ಲಿ ಉದ್ದದ್ದೇ ಲೆಕ್ಕ. ಮಕ್ಕಳು ಒಬ್ಬರ ಹಿಂದೆ ಒಬ್ಬರು ಹಾರಿದರು. "ತಾಂಡು, ಕಣ್ಣು, ತಾಂಡು!" ಎಂದು, ಹಾರು ಚಿನ್ನಾ ಹಾರು ಎಂದು, ಜನ ತಮಿಳಿನಲ್ಲಿ ಕೂಗಿ ಹುರಿದುಂಬಿಸಿದರು. ಬಿಳಿ ಬಾವುಟ ಏರಿದಾಗಲೆಲ್ಲ ಶಿಳ್ಳೆ! ಆರು ಸಲ ಸುಗನ್ಯಾ ಕೆಂಪು ಎತ್ತಿದಳು. ಆರು ಮಕ್ಕಳ ಮುಖ ಸಣ್ಣದಾಯಿತು. ಆದರೂ ಎತ್ತಿದ ಬಾವುಟವನ್ನು ಅವಳು ಬದಲಿಸಲಿಲ್ಲ.

ಕೃತ್ತಿಕಾ ಮೊದಲೆರಡು ಸಲ ಹಾರಿದಾಗ ಮಾತಿನಂತೆ ಟೀಚರೇ ಹಲಗೆಯ ಪಕ್ಕ ನಿಂತರು. ನಾಲ್ಕು ಮೀಟರ್ ಎಂಬತ್ತೊಂದು. ಎಲ್ಲರಿಗಿಂತ ಮುಂದೆ! ಆಗ ಬೇಕರಿಯ ಸೋಮಸುಂದರಂ ಮೈಕು ಹಿಡಿದರು. "ಈ ಹುಡುಗಿ ಐದು ಮೀಟರ್ ದಾಟಿದರೆ ನನ್ನದು ಇನ್ನೂ ಐದು ಸಾವಿರ!" ಎಂದು ಘೋಷಿಸಿದರು. ಮೈದಾನವೇ ಎದ್ದು ನಿಂತಿತು.

ಅವಳ ಕೊನೆಯ ಸರದಿ ಬಂತು. ಅದೇ ಹೊತ್ತಿಗೆ ಮೈದಾನದ ಆ ತುದಿಯಲ್ಲಿ ಒಂದು ಮಗು ಎಡವಿ ಮಂಡಿ ತರಚಿಕೊಂಡಿತು. ಟೀಚರ್ ಅತ್ತ ಓಡಿದರು. ಸುಗನ್ಯಾ ಕೈಯೆತ್ತಿ ಮಗಳನ್ನು ತಡೆಯುವಷ್ಟರಲ್ಲಿ ಕೃತ್ತಿಕಾ ಓಟ ಶುರು ಮಾಡಿಬಿಟ್ಟಿದ್ದಳು. ಜನ ತಾಳ ಹಾಕಿ ಚಪ್ಪಾಳೆ ತಟ್ಟುತ್ತಿದ್ದರು. ಸುಗನ್ಯಾ ಬಗ್ಗಿ ಹಲಗೆಯ ಮೇಲೆ ಕಣ್ಣು ನೆಟ್ಟಳು.

ಟಪ್! ಮಗಳು ಗಾಳಿಯಲ್ಲಿ ಹೋದಳು. ಹೋದಳು, ಹೋದಳು, ಐದು ಮೀಟರಿನ ಗುರುತಿನ ಆಚೆ ಮರಳು ಚಿಮ್ಮಿತು!

ಮೈದಾನ ಹುಚ್ಚೆದ್ದು ಕುಣಿಯಿತು. ಯಾರೋ ಟೋಪಿ ಎಸೆದರು. ಕೃತ್ತಿಕಾ ಎರಡೂ ಕೈಯೆತ್ತಿ ತಾಯಿಯ ಕಡೆ ತಿರುಗಿದಳು.

ಸುಗನ್ಯಾ ಮಾತ್ರ ಮರಳಿನ ಕಡೆ ನೋಡಿರಲಿಲ್ಲ. ಜೇಡಿಮಣ್ಣಿನ ಪಟ್ಟಿಯ ಮೇಲೆ ಹೆಬ್ಬೆರಳಿನ ಒಂದು ಸಣ್ಣ ಬಾಗು ಇತ್ತು. ಉಗುರಿನಷ್ಟೇ ಅಗಲ.

ಎರಡೂ ಬಾವುಟ ಕೈಯಲ್ಲೇ ಇದ್ದವು. ಕೆಂಪನ್ನು ಎತ್ತಿದಳು.

ಸದ್ದು ನಿಂತುಹೋಯಿತು. ಕೃತ್ತಿಕಾಳ ಕೈಗಳು ನಿಧಾನವಾಗಿ ಇಳಿದವು. "ಅಮ್ಮಾ..." ಎಂದಳು. ಕಣ್ಣು ತುಂಬಿತು.

ಸೋಮಸುಂದರಂ ಧಾವಿಸಿ ಬಂದರು. "ಏನಮ್ಮಾ ಇದು? ಕೊಡುವವನು ನಾನು. ನಾನೇ ಒಪ್ಪಿದ ಮೇಲೆ ನಿಮ್ಮದೇನು? ಕಾಸು ಮಕ್ಕಳ ಮೆತ್ತೆಗೆ ತಾನೇ ಹೋಗುವುದು? ಬಿಳಿ ಎತ್ತಿ!"

ಸುಗನ್ಯಾ ತಮಿಳಿನಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಕೊಡಬೇಕು ಅಂತಿದ್ರೆ ಕೊಡಿ, ಅಣ್ಣಾ, ಕೈ ಹಿಡಿಯೋರು ಯಾರು? ಆದರೆ ಈ ಜಿಗಿತ ಪುಸ್ತಕದಲ್ಲಿ ಬರೆಯೋಕಾಗಲ್ಲ. ಬೆಳಗ್ಗೆಯಿಂದ ಆರು ಮಕ್ಕಳಿಗೆ ಕೆಂಪು ತೋರಿಸಿದ್ದೀನಿ. ಅವರ ಅಮ್ಮಂದಿರು ಇಲ್ಲೇ ಕೂತಿದ್ದಾರೆ. ನನ್ನ ಮಗಳಿಗೆ ಬಿಳಿ ಎತ್ತಿದ್ರೆ ಇವತ್ತಿನ ಒಂದು ಅಳತೇನೂ ಯಾರೂ ನಂಬಲ್ಲ."

ಆಗ ಗೇಟಿನ ಕಡೆಯಿಂದ ದೇವರಾಜನ್ ನಡೆದು ಬಂದರು. ಪಂಚೆ ಮಡಿಸಿ ಕಟ್ಟಿ ಹಲಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಮಣ್ಣಿನ ಪಟ್ಟಿಯನ್ನು ನೋಡಿದರು. ಎದ್ದು ಹೆಂಡತಿಯ ಮುಖ ನೋಡಿದರು.

"ಏನುಂಗ, ಬೈಬೇಡಿ," ಎಂದು ಸುಗನ್ಯಾ ಗಂಡನಿಗೆ ಮೆಲ್ಲಗೆ ಹೇಳಿದಳು.

"ಬೈಯೋದಾ? ಗುರುತು ಇದೆ. ನಾನೂ ನೋಡಿದೆ." ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಅವರು ನೇರ ಮೇಜಿನ ಹತ್ತಿರ ಹೋದರು. "ಯಾವ ಮಕ್ಕಳಿಗೆ ಇನ್ನೂ ಆಸರೆ ಸಿಕ್ಕಿಲ್ಲ?"

ಹೆಸರಿನ ಪಟ್ಟಿ ಹಿಡಿದಿದ್ದ ಹುಡುಗಿ ಎಣಿಸಿದಳು. ಹನ್ನೊಂದು ಮಕ್ಕಳು. ಹೆಚ್ಚಿನವರು ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರ ಮಕ್ಕಳು, ಊರಲ್ಲಿ ಪರಿಚಯ ಇಲ್ಲದವರು.

"ಅವರದೆಲ್ಲ ನನ್ನದು. ರಸೀತಿ ಹಾಕಿ." ಆಮೇಲೆ ಮೈಕು ತೆಗೆದುಕೊಂಡು ತಮ್ಮ ಬೀದಿಯವರ ಕಡೆ ತಿರುಗಿದರು. "ಅಂದು ನನ್ನ ಮಾತು ಕೇಳಿ ಮೋಸ ಹೋದವರು ಇಲ್ಲಿದ್ದೀರಿ. ಇವತ್ತು ನನ್ನ ಮಾತು ಬೇಡ. ಹೆತ್ತ ಮಗಳಿಗೇ ಕೆಂಪು ತೋರಿಸಿದ್ದನ್ನು ನೀವೇ ನೋಡಿದ್ರಿ. ಇವರ ಕೈಗೆ ಕೊಡಬಹುದು ಅನ್ನಿಸಿದ್ರೆ ಕೊಡಿ. ರಸೀತಿ ಇಲ್ಲದೆ ಮಾತ್ರ ಕೊಡಬೇಡಿ!"

ಚಪ್ಪಾಳೆ ಶುರುವಾದದ್ದು ಎಲ್ಲಿಂದ ಗೊತ್ತೇ? ಕೆಂಪು ಬಾವುಟ ಕಂಡ ಮಕ್ಕಳ ತಾಯಂದಿರಿಂದ. ಮೇಜಿನ ಮುಂದೆ ಸಾಲು ನಿಂತಿತು. ಸೋಮಸುಂದರಂ ಕೂಡ ತಲೆ ಕೆರೆದುಕೊಂಡು ಸಾಲಿಗೆ ಸೇರಿದರು.

ಕೃತ್ತಿಕಾ ಸ್ವಲ್ಪ ಹೊತ್ತು ಬೆನ್ನು ತಿರುಗಿಸಿ ಕೂತಿದ್ದಳು. ಸುಗನ್ಯಾ ಹತ್ತಿರ ಹೋಗಲಿಲ್ಲ, ಮುಂದಿನ ಮಗು ಹಲಗೆಗೆ ಓಡಿ ಬರುತ್ತಿತ್ತು. ಆ ಮಗುವಿನ ಅಳತೆ ಮುಗಿದಾಗ ತಿರುಗಿ ನೋಡಿದರೆ, ಮರಳು ಸಮ ಮಾಡುವ ಹಲಗೆ ಹಿಡಿದು ಮಗಳು ಗುಂಡಿಯ ಪಕ್ಕ ನಿಂತಿದ್ದಳು.

"ಕಾಲು ಅಷ್ಟು ಮುಂದೆ ಬಿದ್ದಿತ್ತಾ, ಅಮ್ಮಾ?"

"ಒಂದು ಉಗುರಿನಷ್ಟು, ಕಣ್ಣು. ಓಟ ಒಂದು ಪಾದ ಹಿಂದಿನಿಂದ ಶುರು ಮಾಡು. ನಿನ್ನ ಜಿಗಿತದಲ್ಲಿ ತಪ್ಪಿಲ್ಲ."

ಕೃತ್ತಿಕಾ ಮೂಗೊರೆಸಿಕೊಂಡು ಮರಳು ಎಳೆಯತೊಡಗಿದಳು.

ಮಕ್ಕಳ ಸರದಿ ಮುಗಿದ ಮೇಲೆ ದೊಡ್ಡವರು ಬಿಟ್ಟಾರೆಯೇ? ಮಜ್ಜಿಗೆ ತಂದ ಹೆಂಗಸರು ಸೀರೆ ಸಿಕ್ಕಿಸಿಕೊಂಡು ಹಾರಿದರು. ನಕ್ಕು ನಕ್ಕು ಅರ್ಧ ಜನ ಹಲಗೆಯ ತನಕ ಬರಲೇ ಇಲ್ಲ. ದೇವರಾಜನ್ ಕೂಡ ಓಡಿಬಂದು ದಬ್ಬೆಂದು ಬಿದ್ದರು. ಎದ್ದವರೇ, "ಎರಡೂವರೆ ಮೀಟರ್ ಇದೆ ತಾನೇ?" ಎಂದರು.

ಸುಗನ್ಯಾ ಟೇಪು ಎಳೆದಳು. "ಎರಡು ನಲವತ್ತೆಂಟು."

"ಎರಡೇ ಸೆಂಟಿಮೀಟರ್! ಗಂಡ ಅಂತಾದರೂ ಬಿಡಬಾರದಾ?"

"ಇಲ್ಲ!" ಎಂದು ಮೈದಾನವೇ ಒಟ್ಟಿಗೆ ಕೂಗಿತು.

ಸಂಜೆ ಕರಿ ಹಲಗೆಯ ಮೇಲೆ ಎಪ್ಪತ್ತು ಸಾವಿರ ದಾಟಿತ್ತು. ಮುಂದಿನ ವಾರ ದೇವರಾಜನ್ ತಮ್ಮದೇ ಟೆಂಪೊ ಓಡಿಸಿಕೊಂಡು ಹೋಗಿ ಪೊಳ್ಳಾಚಿಯಿಂದ ಮೆತ್ತೆ ತಂದರು. ಡೀಸೆಲ್ ಕಾಸೂ ಕೇಳಲಿಲ್ಲ. ಅಭ್ಯಾಸ ಬಿಟ್ಟಿದ್ದ ಹದಿನಾಲ್ಕು ಹುಡುಗಿಯರಲ್ಲಿ ಹನ್ನೆರಡು ಜನ ಮರಳಿ ಬಂದರು. ಧರಣಿಯ ಕೈ ಕೂಡಿದೆ. ಅವಳ ತಾಯಿ ಮೊದಲು ತಾವೇ ಮೆತ್ತೆಯ ಮೇಲೆ ಬಿದ್ದು ನೋಡಿ, ಆಮೇಲೆ ಮಗಳನ್ನು ಬಿಟ್ಟರು. ಈಗ ಭಾನುವಾರ ಬೆಳಗ್ಗೆ ಸುಗನ್ಯಾಳ ಜೊತೆ ಇನ್ನೂ ನಾಲ್ಕು ಹೆಂಗಸರು ಟೇಪು, ಬಾವುಟ ಹಿಡಿದು ನಿಲ್ಲುತ್ತಾರೆ. ಬೇರೆ ಊರಿನ ಕ್ಲಬ್ಬಿನವರೂ, "ಆ ಅಕ್ಕನನ್ನು ನಮ್ಮ ಆಟಕ್ಕೂ ಕಳಿಸಿ," ಎಂದು ಫೋನ್ ಮಾಡುತ್ತಾರೆ!

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಲ್ಲೂ ಒಂದು ಮೈದಾನ ಇರುತ್ತದೆ. ಅಲ್ಲಿ ಓಡುವ ಮಕ್ಕಳೂ ಇರುತ್ತಾರೆ. ಈ ಭಾನುವಾರ ಒಮ್ಮೆ ಹೋಗಿ ನೋಡಿ. ಕಾಸು ಕೊಡುವುದಾದರೆ ರಸೀತಿ ಕೇಳಿ, ಲೆಕ್ಕ ಎಲ್ಲಿ ಬರೆದಿದ್ದೀರಿ ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ. ಕಾಸು ಇಲ್ಲವೇ? ಎರಡು ಗಂಟೆ ಕೊಡಿ. ನಿಮಗೆ ಹೊಲಿಗೆ ಬರಬಹುದು, ಗಾಡಿ ಓಡಿಸಲು ಬರಬಹುದು, ಗಾಯಕ್ಕೆ ಕಟ್ಟು ಕಟ್ಟಲು ಬರಬಹುದು. ನಿಮಗೆ ಬರುವ ಕೆಲಸ ಯಾವುದಾದರೂ ಸರಿ, ಯಾವುದೋ ಒಂದು ಮಗುವಿಗೆ ಅದೇ ಬೇಕಾಗಿದೆ. ಇವತ್ತೇ ಹೋಗಿ, ಹೆಸರು ಬರೆಸಿ ಬನ್ನಿ!