ರಸ್ತೆಗೆ ಹಾಸಿದ ಹುರುಳಿ

ಚಿಕ್ಕೇರೂರಿನ ಪರಮೇಶಪ್ಪ ಬೈಕ್ ಹೊರಗೆ ತಳ್ಳುವಾಗ ಹೆಂಡತಿ ಶಾರವ್ವ ತಡೆದಳು.

"ಮಂಜು ಬಿದ್ದೈತಿ. ಇವತ್ತರ ಹುರುಳಿ ರಸ್ತೆಗೆ ಹಾಕೂದು ಬ್ಯಾಡ್ರಿ. ಯಾರರ ಜಾರಿ ಬಿದ್ರ?"

"ಊರಾಗ ಎಲ್ಲಾರೂ ಹಾಕ್ತಾರ. ಆಳು ಸಿಗೂದಿಲ್ಲ, ಕಣ ಮಾಡಾಕ ಜಾಗ ಇಲ್ಲ. ಹೊತ್ತೇರಿದ್ರ ಮಂದಿ ಜಾಗ ಹಿಡೀತಾರ. ಗಾಡಿಯವರಿಗೆ ಕಣ್ಣಿಲ್ಲೇನು? ತಿರುವಿನ ತನಕ ನಿನ್ನೆ ಹಾಸೇವಿ, ನಾ ಬರೂದ್ರಾಗ ಉಳಿದದ್ದನ್ನೂ ಹಾಸಿಬಿಡು."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಗ್ಗಿ ಬಂತೆಂದರೆ ಆ ಸೀಮೆಯ ಡಾಂಬರು ರಸ್ತೆಗಳೇ ಕಣ. ಬಸ್ಸು, ಲಾರಿಗಳು ಹಾಸಿದ ಬಳ್ಳಿಯನ್ನು ತುಳಿದು ಬಿಟ್ಟಿಯಾಗಿ ಕಾಳು ಬಿಡಿಸಿಕೊಡುತ್ತವೆ. ಹಾಸಿದವರು ಅಂಚಿಗೆ ಕಲ್ಲಿಟ್ಟು, ಮಹಾರಾಜರ ಹಾಗೆ ಗಿಡದ ಕೆಳಗೆ ಕೂರುತ್ತಾರೆ.

ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ, ಹಾಸ್ಟೆಲಿನಿಂದ ಬಂದಿದ್ದ ಮಗಳು ರಾಜಶ್ರೀಯನ್ನು ಹತ್ತಿಸಿಕೊಂಡು ಅವನು ಊರಿನ ಕಡೆ ಹೊರಟ. ಹೊತ್ತು ಹುಟ್ಟಿದ್ದರೂ ಬೆಳಕಿರಲಿಲ್ಲ. ಹೊಲ, ಗಿಡ, ಊರು ಎಲ್ಲವನ್ನೂ ಮಂಜು ನುಂಗಿತ್ತು. ತನ್ನ ಹುರುಳಿ ಇರುವುದು ತಿರುವಿನ ಆಚೆ ಎಂಬ ಧೈರ್ಯದಲ್ಲಿ ಅವನಿದ್ದ.

ಇದ್ದಕ್ಕಿದ್ದಂತೆ ಗಾಲಿಯ ಸದ್ದು ನಿಂತುಹೋಯಿತು. ಬೈಕ್ ಓಡುತ್ತಲೇ ಇತ್ತು, ಆದರೆ ಕೆಳಗೆ ರಸ್ತೆಯೇ ಇದ್ದಂತಿರಲಿಲ್ಲ. ಹಿಂದಿನ ಗಾಲಿ, ಯಾರೋ ಹಿಡಿದೆಳೆದ ಹಾಗೆ, ಮೆಲ್ಲಗೆ ಪಕ್ಕಕ್ಕೆ ಸರಿಯಿತು.

"ಅಪ್ಪಾ, ಬ್ರೇಕ್ ಹಿಡಿ!" ರಾಜಶ್ರೀ ಚೀರಿದಳು.

ಕೆಳಗೆ ಯಾರೋ ಹಾಸಿದ ಹುರುಳಿ! ಬ್ರೇಕ್ ಹಿಡಿದರೆ ಗಾಲಿ ಬಿಗಿದು ಇಬ್ಬರೂ ಬೀಳುತ್ತಾರೆ. ಅವನು ಬ್ರೇಕಿನಿಂದ ಬೆರಳು ತೆಗೆದ, ಆಕ್ಸಿಲರೇಟರ್ ಬಿಟ್ಟ, ಹ್ಯಾಂಡಲ್ ನೆಟ್ಟಗೆ ಹಿಡಿದ. ವೇಗ ತಾನಾಗಿ ಇಳಿಯತೊಡಗಿತು. ಅಷ್ಟರಲ್ಲಿ ಎದುರಿನ ಮಂಜಿನೊಳಗೆ, ತಲೆಗೆ ಗೋಣಿಚೀಲ ಹೊದ್ದ ಆಕೃತಿಯೊಂದು ಬೆನ್ನು ಮಾಡಿ ನಿಂತದ್ದು ಕಂಡಿತು. ಹಾರ್ನ್ ಒತ್ತಿದ. ಅದು ಇತ್ತ ತಿರುಗಲಿಲ್ಲ, ಕತ್ತೆತ್ತಿ ಆಚೆ ಕಡೆಗೇ ನೋಡಿತು.

ಎಡಕ್ಕೆ ಕಲ್ಲಿನ ಸಾಲು, ಬಲಕ್ಕೆ ಹೊಲ. ಹ್ಯಾಂಡಲ್ ಕೊಸರದೆ ಮೈಯನ್ನಷ್ಟೇ ಬಲಕ್ಕೆ ವಾಲಿಸಿದ. ಬೈಕ್ ಗೋಣಿಚೀಲವನ್ನು ಸವರಿದಂತೆ ಹಾದು, ಬದುವಿನ ಮೆತ್ತನೆಯ ಮಣ್ಣಿಗೆ ಇಳಿದು ಉರುಳಿತು. ರಾಜಶ್ರೀಯ ಮೊಣಕಾಲು ತರಚಿತ್ತು, ಅಷ್ಟೇ.

ಆಕೃತಿ ಗೋಣಿಚೀಲ ಸರಿಸಿತು. ಶಾರವ್ವ!

"ಹಾರ್ನ್ ಆ ಕಡಿಂದ ಬಂದಂಗಾತ್ರಿ," ಎಂದಳು. "ನೀವು ಹೇಳಿದ್ರಲ್ಲ, ಉಳಿದದ್ದನ್ನ ತಿರುವಿನ ಈಚೀಕ ಹಾಸಾಕತ್ತಿದ್ದೆ."

ಹೆಂಡತಿಯನ್ನು ನಾನೇ ಕೊಲ್ಲುವವನಿದ್ದೆ ಎಂದುಕೊಂಡ ಪರಮೇಶಪ್ಪ.

ಆಗಲೇ ಮತ್ತೊಂದು ಬೈಕಿನ ಸದ್ದು. ಎತ್ತಲಿಂದ ಎಂದು ತಿಳಿಯದು. ಅವನು ಒಮ್ಮೆ ಇತ್ತ, ಒಮ್ಮೆ ಅತ್ತ ಓಡಿ, ಕೊನೆಗೆ ಟವೆಲ್ ಬೀಸುತ್ತ ನಡುರಸ್ತೆಯಲ್ಲೇ ನಿಂತ. ಮಂಜು ಸೀಳಿಕೊಂಡು ಬಂದವನು ಹಾಲಿನ ಕ್ಯಾನು ಕಟ್ಟಿಕೊಂಡ ಪರಿಚಯದ ಹುಡುಗ ಮುಬಶೀರ.

"ಏನ್ರಿ ಕಾಕಾ, ಹುರುಳಿ ಮ್ಯಾಲ ನಾಕು ಸುತ್ತು ಹೊಡೀಲೇನು?" ಅಲ್ಲಿ ಎಲ್ಲರೂ ಮಾಡುವ ಉಪಕಾರವದು.

"ಬ್ಯಾಡಪಾ. ಗಾಡಿ ಆರಿಸಿ ಇಳಿ."

ಹ್ಯಾಂಡಲಿಗೆ ತಾನೂ ಕೈಹಚ್ಚಿ, ಹುರುಳಿ ಮುಗಿಯುವವರೆಗೆ ಬೈಕನ್ನು ನಡೆಸಿಕೊಂಡು ಹೋಗಿ ಬಿಟ್ಟುಬಂದ. ಬಂದವನೇ ಬಗ್ಗಿ ಹುರುಳಿಯನ್ನು ತೆಕ್ಕೆಗಟ್ಟಲೆ ಹೊಲಕ್ಕೆ ಎಸೆಯತೊಡಗಿದ.

"ಎಲ್ಲಾನೂ ತಗೀತೀರೇನ್ರಿ?" ಎಂದು ಶಾರವ್ವನೂ ಬಗ್ಗಿದಳು.

"ಎಲ್ಲಾನೂ. ನೀ ರಸ್ತೆದಾಗ ನಿಂದರಬ್ಯಾಡ ಮಾರಾಯ್ತಿ, ಮೊದಲ ಹೊಲಕ್ಕ ಇಳಿ."