ಎರಡನೆಯ ಗೆರೆ

ರಸಾಯನಶಾಸ್ತ್ರದ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ‘ಸೂಜಿ’. ವರ್ಷದ ಮೊದಲ ತರಗತಿಯಲ್ಲಿ ನಿಯಮಗಳನ್ನು ಓದುವಾಗ, ಲ್ಯಾಬಿನಲ್ಲಿ ಸೂಜಿ ಬಿದ್ದರೂ ನನಗೆ ಕೇಳಬೇಕು ಎನ್ನುತ್ತಿದ್ದರು. ಕಾರಣವನ್ನೂ ಹೇಳುತ್ತಿದ್ದರು. ಗಾಜು ಒಡೆಯುವ ಮೊದಲು ಸಣ್ಣಗೆ ಚಿಟ್ಟೆನ್ನುತ್ತದೆ. ಬರ್ನರಿನ ಉರಿ ಒಳಕ್ಕೆ ಸರಿದರೆ ಅದರ ಸದ್ದು ಬದಲಾಗುತ್ತದೆ. ಹರಟೆಯ ನಡುವೆ ಇವು ಕಿವಿಗೆ ಬೀಳುವುದಿಲ್ಲ. ಅವರ ಲ್ಯಾಬಿನಲ್ಲಿ ಇದುವರೆಗೆ ಒಂದು ಮಗುವಿಗೂ ದೊಡ್ಡ ಗಾಯವಾಗಿರಲಿಲ್ಲ. ಅದೊಂದೇ ಅವರ ಹೆಮ್ಮೆ.

ನಿಯಮ ಮೀರಿದವರ ಹೆಸರಿನ ಮುಂದೆ ಕರಿಹಲಗೆಯ ಮೂಲೆಯಲ್ಲಿ ಒಂದು ಗೆರೆ. ಮಾತಾಡಿದರೆ ಗೆರೆ, ಚೆಲ್ಲಿದರೆ ಗೆರೆ, ಕನ್ನಡಕವನ್ನು ಹಣೆಗೇರಿಸಿದರೆ ಗೆರೆ. ಎರಡು ಬಿದ್ದರೆ ಆ ವರ್ಷ ಲ್ಯಾಬಿಗೆ ಕಾಲಿಡುವಂತಿಲ್ಲ, ಪ್ರಾಯೋಗಿಕ ಪರೀಕ್ಷೆಯ ಅಂಕವೂ ಇಲ್ಲ.

ಟೈಲರಮ್ಮನ ಮಗಳಿಗೆ ಒಂದು ಗೆರೆ ಆಗಲೇ ಬಿದ್ದಿತ್ತು. ಪಕ್ಕದ ಹುಡುಗಿ ಬರ್ನರಿನ ಮೇಲೆ ಬಗ್ಗಿದಾಗ, “ಜಡೆ ಹಿಂದಕ್ಕೆ ಹಾಕ್ಕೊಳ್ಳೇ” ಎಂದಿದ್ದಳು. ಮಾತು ಮಾತೇ ಎಂದು ಮೇಷ್ಟ್ರು ಗೆರೆ ಎಳೆದಿದ್ದರು. ಇನ್ನೊಂದು ಬಿದ್ದರೆ ನರ್ಸಿಂಗ್ ಶಾಲೆಯ ಆಸೆ ಬಿಡಬೇಕು. ಪ್ರಾಯೋಗಿಕ ಅಂಕವಿಲ್ಲದವರ ಅರ್ಜಿಯನ್ನು ಅಲ್ಲಿ ಮುಟ್ಟುವುದೂ ಇಲ್ಲ. ವಿಷಯ ತಿಳಿದ ಅಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, “ಮನೇಲಿ ನಿನ್ನ ಬಾಯಿಗೆ ಬೀಗ ಇಲ್ಲ. ಅಲ್ಲಾದ್ರೂ ಹೊಲ್ಕೊಂಡು ಕೂತ್ಕೋ. ಬೇಕಾದ್ರೆ ದಾರ ನಾನೇ ಕೊಡ್ತೀನಿ” ಎಂದಿದ್ದಳು. ಮಗಳು ನಕ್ಕಿದ್ದಳು.

ಆ ದಿನ ಸಾಬೂನು ಮಾಡುವ ಪ್ರಯೋಗ. ಎಣ್ಣೆಗೆ ಕಾಸ್ಟಿಕ್ ಸೋಡಾದ ಗಟ್ಟಿ ದ್ರಾವಣ ಸೇರಿಸಿ ಕಾಯಿಸಬೇಕು. ಪಕ್ಕದ ಹುಡುಗಿಯ ಮೊಣಕೈ ತಾಗಿ ದ್ರಾವಣದ ಬೀಕರು ವಾಲಿತು. ಟೈಲರಮ್ಮನ ಮಗಳಿಗೆ ತನ್ನ ಬಟ್ಟೆಯ ಬೂಟಿನೊಳಗೆ ತಣ್ಣಗೆ ಏನೋ ಇಳಿದ ಹಾಗಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಲರಮ್ಮನ ಮಗಳು ಬೀಕರನ್ನು ನೆಟ್ಟಗೆ ನಿಲ್ಲಿಸಿ, ಮೇಜನ್ನು ಒರೆಸಿ, ಗಾಜಿನ ಕಡ್ಡಿಯಿಂದ ಎಣ್ಣೆಯನ್ನು ಕಲಕತೊಡಗಿದಳು.

ಆಮ್ಲವಾಗಿದ್ದರೆ ಕೂಡಲೇ ಚುರುಗುಟ್ಟುತ್ತಿತ್ತು. ಇದು ಹಾಗಲ್ಲ. ಮೊದಲು ಜಾರುತ್ತದೆ, ಕಾಲಿಗೆ ಸಾಬೂನು ಹಚ್ಚಿದ ಹಾಗೆ. ಆಮೇಲೆ ಬೆಚ್ಚಗಾಗುತ್ತದೆ. ನೋವು ಬರುವ ಹೊತ್ತಿಗೆ ಒಳಗೆ ಬಹಳ ದೂರ ಹೋಗಿರುತ್ತದೆ. ನೋವು ಬಂದಾಗ ಅವಳು ಕಡ್ಡಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದಳು.

ಮೇಷ್ಟ್ರು ಅವರ ಬೆಂಚಿನ ಬಳಿ ನಿಂತು, “ಇವರನ್ನ ನೋಡಿ ಕಲೀರಿ. ಉಸಿರಿನ ಸದ್ದೂ ಇಲ್ಲ” ಎಂದರು.

ಗಂಟೆ ಹೊಡೆದ ಮೇಲೆ ಎಲ್ಲರೂ ಹೊರಟರು. ಅವಳು ಒಂದು ಹೆಜ್ಜೆ ಇಟ್ಟು ಮೇಜಿನ ಅಂಚು ಹಿಡಿದು ಕುಸಿದಳು. ಮೇಷ್ಟ್ರು ಓಡಿ ಬಂದು ಬೂಟು ಬಿಚ್ಚಿದರು. ಕಾಲುಚೀಲವನ್ನು ಎಳೆದಾಗ ಅದರ ಜೊತೆ ಚರ್ಮವೂ ಬಂತು.

ಮೂರನೆಯ ದಿನ ಹೆಡ್‌ಮಿಸ್ಸು ಮೇಷ್ಟ್ರನ್ನು ಕರೆದುಕೊಂಡು ಆಸ್ಪತ್ರೆಗೆ ಬಂದರು. ಕಾಲಿನ ಬ್ಯಾಂಡೇಜು ಮೊಣಕಾಲಿನವರೆಗೆ ಇತ್ತು. ತೊಡೆಯ ಚರ್ಮ ತೆಗೆದು ಪಾದಕ್ಕೆ ಹಾಕಬೇಕು ಎಂದು ಡಾಕ್ಟರು ಹೇಳಿದ್ದರು. ಟೈಲರಮ್ಮ ಮಂಚದ ಪಕ್ಕ ಕೂತಿದ್ದಳು. ಆ ಬೆಳಿಗ್ಗೆ ಹೊಲಿಗೆ ಬಿಟ್ಟು ಅವಸರದಲ್ಲಿ ಬಂದವಳು ಕೊರಳಿನ ಅಳತೆ ಟೇಪನ್ನು ಇನ್ನೂ ತೆಗೆದಿರಲಿಲ್ಲ.

“ಚೆಲ್ಲಿದ ತಕ್ಷಣ ಹೇಳಬೇಕು ಅಂತಾನೂ ನಿಯಮ ಇದೆಯಮ್ಮ. ಇವಳು ಹೇಳಲಿಲ್ಲ” ಎಂದರು ಹೆಡ್‌ಮಿಸ್ಸು. “ಅದನ್ನ ತಪ್ಪು ಅಂತ ಹಿಡೀದೆ ಬಿಟ್ಟರೆ, ನಾಳೆ ತಪ್ಪೆಲ್ಲಾ ಶಾಲೇದು ಅಂತಾಗುತ್ತೆ. ಹಿಡಿದ್ರೆ ಅದು ಎರಡನೇ ಗೆರೆ. ನನ್ನ ಕೈ ಕಟ್ಟಿದೆ.”

“ನಿಮ್ಮ ಕೈ ಕಟ್ಟಿದೆ, ನನ್ನ ಮಗಳ ಕಾಲು ಕಟ್ಟಿದೆ” ಎಂದಳು ಟೈಲರಮ್ಮ. “ಮಾತಾಡಿದ್ದಕ್ಕೊಂದು ಗೆರೆ, ಮಾತಾಡದೆ ಇದ್ದಿದ್ದಕ್ಕೊಂದು. ಈ ಅಳತೇಲಿ ನಾನು ಬಟ್ಟೆ ಕತ್ತರಿಸಿದ್ರೆ ಊರೋರು ಬರಿ ಮೈಯಲ್ಲಿ ಓಡಾಡ್ಬೇಕಿತ್ತು.”

ಮೇಷ್ಟ್ರು ಕಿಟಕಿಯ ಕಡೆ ನೋಡುತ್ತ ನಿಂತಿದ್ದರು.

“ಸಾರ್” ಎಂದಳು ಹುಡುಗಿ. ಅವಳ ದನಿ ಒಣಗಿತ್ತು. “ನಾನು ಅವತ್ತು ಹೇಳಿದ್ದಿದ್ರೆ ಗೆರೆ ಹಾಕ್ತಿದ್ರಾ?”

“ಛೆ, ಯಾಕೆ ಹಾಕ್ತಾರೆ ಪುಟ್ಟಿ” ಎಂದು ಹೆಡ್‌ಮಿಸ್ಸು ಮೇಷ್ಟ್ರ ಮುಖ ನೋಡಿದರು.

ಮೇಷ್ಟ್ರು ಇಲ್ಲ ಎಂದರೆ ಸಾಕಿತ್ತು. ಅಲ್ಲಿಗೆ ಎಲ್ಲವೂ ಹುಡುಗಿಯ ತಲೆಗೆ ಕಟ್ಟಿದಂತೆ. ಹೇಳಬಹುದಾಗಿತ್ತು, ಅವಳೇ ದಡ್ಡಿ, ಸುಮ್ಮನೆ ಸುಟ್ಟುಕೊಂಡಳು. ಆದರೆ ಹೋದ ವರ್ಷ ಒಬ್ಬ ಹುಡುಗ, ಆಸಿಡ್ ಚೆಲ್ಲಿತು ಸಾರ್ ಎಂದು ತಾನಾಗಿ ಓಡಿ ಬಂದಿದ್ದ. ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿ, ಅವನು ಅದನ್ನು ತೊಳೆಯುತ್ತಿರುವಾಗಲೇ ಮೇಷ್ಟ್ರು ಹೋಗಿ ಗೆರೆ ಎಳೆದಿದ್ದರು. ಇಡೀ ಶಾಲೆ ಅದನ್ನು ಆಡಿಕೊಂಡಿತ್ತು. ಇವಳಿಗೂ ಗೊತ್ತಿತ್ತು.

“ಹಾಕ್ತಿದ್ದೆ” ಎಂದರು ಮೇಷ್ಟ್ರು.

ಹುಡುಗಿ ತಲೆಯಾಡಿಸಿ ಕಣ್ಣು ಮುಚ್ಚಿಕೊಂಡಳು.

ಹೆಡ್‌ಮಿಸ್ಸು ಮೇಷ್ಟ್ರನ್ನು ಹೊರಗೆ ಕರೆದರು. ಓಣಿಯಲ್ಲಿ ಯಾರೋ ಫಿನಾಯಿಲು ಹಾಕಿ ನೆಲ ಒರೆಸುತ್ತಿದ್ದರು. ಆ ಬಕೆಟ್ಟು ದೂರ ಸರಿಯುವವರೆಗೂ ಹೆಡ್‌ಮಿಸ್ಸು ಕಾದರು.

“ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ. ನೀವೂ ಹೇಳಲಿಲ್ಲ. ಗೆರೆ ಎಳೀರಿ, ಮುಗಿಸಿ.”

“ನಾನು ಎಳೆಯೋದಿಲ್ಲ.”

“ಹಾಗಾದ್ರೆ ನಾನೇ ಎಳೀತೀನಿ. ಸೀಮೆಸುಣ್ಣ ಏನು ನಿಮ್ಮಪ್ಪನ ಮನೇದಾ?” ಎಂದು ಅವರು ಮೆಟ್ಟಿಲಿಳಿದು ಹೋದರು.

ಮೇಷ್ಟ್ರು ಅಲ್ಲೇ ನಿಂತಿದ್ದರು. ಬಾಗಿಲ ಸಂದಿಯಿಂದ ಟೈಲರಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಅವಳು ಕೂಗಾಡುತ್ತಾಳೆ ಎಂದು ಮೇಷ್ಟ್ರು ಕಾದರು. ಕೂಗಾಡಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

“ನರ್ಸಿಂಗ್ ಶಾಲೆ ಹೋಯ್ತು ಅಂತ ಅವಳಿಗೆ ಹೇಳೋಕೆ ನನ್ನ ಕೈಲಾಗಲ್ಲ” ಎಂದಳು. “ನೀವೇ ಒಳಗೆ ಹೋಗಿ ಹೇಳಿ. ಅವಳು ಬಾಯಿಬಿಟ್ಟು ಅತ್ತರೆ, ಸುಮ್ನಿರು ಅನ್ಬೇಡಿ.”